ನರಕ್ಕೋ, ಹೊಟ್ಟೆಗೋ

ಹೊಟ್ಟೆಯಿಂದ ಬಸಿದ ನೀರಿನ ಚೀಲವನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು, ಮೇಲೊಂದು ಟವೆಲ್ ಹೊದಿಸಿ, ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಬಸ್ಸಿನಲ್ಲಿ ತಂದಿದ್ದಳು ಆಕೆ. ನಾನು ಟವೆಲ್ ಸರಿಸಿ ನೋಡಿದೆ. ಎರಡು ಲೀಟರಿನಷ್ಟು ನೀರು. ತೆಳು ಹಳದಿಯಾಗಿ, ತಿಳಿಯಾಗಿ ಇರಬೇಕಾದದ್ದು ಅಕ್ಕಿ ತೊಳೆದ ನೀರಿನಂತೆ ಬಗ್ಗಡವಾಗಿತ್ತು.

"ಯಾವಾಗಿಂದ ಹೀಗೆ?"

"ನಿನ್ನೆ ಸಂಜೆಯಿಂದ ಇಂಗೇ ಬತ್ತೈತೆ ಡಾಕ್ಟ್ರೇ. ಹೊಟ್ಟೆ ಒಳಗೆ ಯಾರೋ ಕತ್ರಿ ಆಡ್ಸ್‌ದಂಗೆ ಆಗ್ತೈತೆ."

"ನಿನ್ನೇನೇ ಬರೋಕೆ ಏನು ಧಾಡಿ?"

"ಮದ್ವೆ ಬ್ಲೌಸು ಎರಡು ಬಾಕಿ ಇದ್ವು. ಮುಗಿಸ್ಕೊಂಡು ಬಂದ್ಬುಟ್ಟೆ."

ನಾನು ಬೈದೆ. ಬೈಯುವುದರಲ್ಲಿ ನನಗೆ ಊರಿಗೇ ಹೆಸರಿದೆ. ನನ್ನ ವಾರ್ಡಿನಲ್ಲಿ ನರ್ಸ್‌ಗಳು ಹೊಸಬರಿಗೆ ಮೊದಲು ಹೇಳಿಕೊಡುವುದು ನನ್ನ ಮುಖ ನೋಡಿ ಹವಾಮಾನ ತಿಳಿಯುವುದನ್ನು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಗಂಡ, ಮಧುಗಿರಿ–ಹಿಂದೂಪುರ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್, ಟಿಕೆಟ್ ಚೀಲವನ್ನು ಎದೆಗೆ ಅವುಚಿಕೊಂಡು ಗೋಡೆ ನೋಡುತ್ತಿದ್ದ.

ಆಕೆಯ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ರಕ್ತವನ್ನು ಯಂತ್ರದಲ್ಲಿ ಶುದ್ಧಿ ಮಾಡುವ ಡಯಾಲಿಸಿಸ್ ಆಕೆಗೆ ಒಗ್ಗಲಿಲ್ಲ. ಯಂತ್ರಕ್ಕೆ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಬಿಪಿ ಕುಸಿಯುತ್ತಿತ್ತು; ಅದಕ್ಕಾಗಿ ಕೈಯಲ್ಲಿ ಮಾಡಿದ ರಕ್ತನಾಳದ ಜೋಡಣೆ ಎರಡು ಸಲವೂ ಮುಚ್ಚಿಹೋಗಿತ್ತು. ಉಳಿದದ್ದು ಹೊಟ್ಟೆಯ ದಾರಿ ಒಂದೇ. ಹೊಕ್ಕುಳ ಪಕ್ಕದಲ್ಲಿ ಒಂದು ಮೆತ್ತನೆಯ ಟ್ಯೂಬು. ಅದರ ಮೂಲಕ ಚೀಲದ ದ್ರವವನ್ನು ಹೊಟ್ಟೆಯೊಳಕ್ಕೆ ಬಿಟ್ಟುಕೊಂಡು ಕೆಲವು ಗಂಟೆ ಇಟ್ಟುಕೊಂಡರೆ ರಕ್ತದ ಕಶ್ಮಲ ಅದಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಖಾಲಿ ಚೀಲಕ್ಕೆ ಬಸಿದು ಹೊಸದನ್ನು ಹಾಕಿಕೊಳ್ಳಬೇಕು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ, ತನ್ನ ಕೈಯಿಂದಲೇ. ಆಕೆ ತನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿದ ಬ್ಲೌಸು ನೇತುಹಾಕುವ ಕೊಕ್ಕೆಗೇ ಚೀಲ ಸಿಕ್ಕಿಸಿ, ನೀರು ಇಳಿಯುವಷ್ಟರಲ್ಲಿ ಗುಂಡಿ ಕಾಜ ಹೊಲಿದು ಮುಗಿಸುತ್ತಿದ್ದಳು.

ಆ ಟ್ಯೂಬಿನ ದಾರಿಯಲ್ಲಿ ರೋಗಾಣು ಒಳಗೆ ಹೊಕ್ಕರೆ ಹೊಟ್ಟೆಯ ಒಳಪೊರೆಗೇ ಸೋಂಕು. ಸೋಂಕು ಬಗ್ಗದಿದ್ದರೆ ಟ್ಯೂಬು ಕಿತ್ತುಹಾಕಬೇಕು. ಟ್ಯೂಬು ಹೋದರೆ ಆಕೆಗೆ ಮತ್ತೆ ಯಂತ್ರ. ಪಾವಗಡದ ಕಡೆ ನಿಡುಗಲ್ಲಿನ ಒಬ್ಬ ಮೇಷ್ಟ್ರ ಟ್ಯೂಬು ಹೀಗೇ ಹೋಗಿತ್ತು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಬಂದುಹೋಗಿ ಬಂದುಹೋಗಿ, ಒಂದು ದಿನ ಬರುವುದನ್ನೇ ನಿಲ್ಲಿಸಿದರು. ನಾನು ಫೋನ್ ಮಾಡಿದಾಗ ಎತ್ತಿದ್ದು ಅವರ ತಮ್ಮ. ಅವರ ಗಟ್ಟಿ ಹೃದಯಕ್ಕೇ ಆ ಗತಿಯಾದರೆ ಈಕೆಯದ್ದು ಮೊದಲೇ ಸೋತ ಹೃದಯ. ಯಂತ್ರ ಈಕೆಯನ್ನು ಹೆಚ್ಚು ಕಾಲ ಉಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಆಕೆಯನ್ನು ವಾರ್ಡಿಗೆ ಸೇರಿಸಿಕೊಂಡು, ಬಗ್ಗಡದ ನೀರನ್ನು ಪರೀಕ್ಷೆಯ ಬಾಟಲಿಗಳಿಗೆ ತುಂಬಿ, ಗಂಡನ ಸ್ನೇಹಿತನ ಬಸ್ಸಿನಲ್ಲೇ ತುಮಕೂರಿನ ಲ್ಯಾಬಿಗೆ ಕಳಿಸಿದೆ. ಯಾವ ರೋಗಾಣು, ಯಾವ ಔಷಧಿಗೆ ಸಾಯುತ್ತದೆ ಎಂದು ತಿಳಿಯಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಕಾಯುತ್ತ ಕೂರುವ ಹಾಗಿಲ್ಲ. ಎರಡು ಬಗೆಯ ಆಂಟಿಬಯಾಟಿಕ್ ಶುರು ಮಾಡಬೇಕು. ಅಷ್ಟರಲ್ಲಿ ಆಕೆಯ ಅಣ್ಣ ಬಂದ. ಕೊರಟಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವವನು.

"ಮೇಡಂ, ನರಕ್ಕೆ ಹಾಕ್ತೀರಾ ತಾನೆ?" ಎಂದ.

"ಇಲ್ಲ. ಹೊಟ್ಟೆಗೆ. ಚೀಲದಲ್ಲೇ ಬೆರೆಸಿ."

"ಅದೆಂಗೆ ಮೇಡಂ? ಅಷ್ಟು ನೀರಲ್ಲಿ ಕಲ್ಸಿ ಬುಟ್ರೆ ಔಷಧಿ ತೆಳ್ಳಗಾಗಲ್ವಾ? ನಮ್ಮಲ್ಲಿಗೆ ಬರೋರೆಲ್ಲ ಸೀರಿಯಸ್ ಅಂದ್ರೆ ನರಕ್ಕೇ ಕೊಡ್ಸೋದು."

ಸಿಟ್ಟು ಬಂದರೂ ಹೇಳಿದೆ. ಸೋಂಕು ಇರುವುದು ಹೊಟ್ಟೆಯ ಪೊರೆಯಲ್ಲಿ. ನರಕ್ಕೆ ಕೊಟ್ಟದ್ದು ಮೈಯೆಲ್ಲ ಸುತ್ತಿ ಅಲ್ಲಿಗೆ ತಲುಪುವ ಹೊತ್ತಿಗೆ ಅಷ್ಟಿಷ್ಟೇ ಉಳಿದಿರುತ್ತದೆ. ಚೀಲದಲ್ಲಿ ಬೆರೆಸಿದ್ದು ನೇರವಾಗಿ ಸೋಂಕಿನ ಮೇಲೇ ನಿಲ್ಲುತ್ತದೆ. ಅಲ್ಲದೆ ಆಕೆಯ ಕೈಯಲ್ಲಿ ಉಳಿದಿರುವ ನಾಲ್ಕು ಒಳ್ಳೆಯ ನರಗಳನ್ನು ಚುಚ್ಚಿ ಚುಚ್ಚಿ ಹಾಳು ಮಾಡುವುದು ನನಗೆ ಬೇಕಿರಲಿಲ್ಲ. ಬಿಪಿ ಕುಸಿದು ಸೋಂಕು ರಕ್ತಕ್ಕೆ ಹರಡಿದರೆ ಮಾತ್ರ ನರದ ದಾರಿ.

"ನೀವು ಡಾಕ್ಟ್ರು. ನೀವು ಹೇಳ್ದಂಗೆ," ಎಂದ. ಧ್ವನಿಯಲ್ಲಿ ಒಪ್ಪಿಗೆಯಿರಲಿಲ್ಲ.

ತುಮಕೂರಿನಲ್ಲಿ ನಾನು ಸಲಹೆ ಕೇಳುವ ಕಿಡ್ನಿ ತಜ್ಞರಿಗೆ ಫೋನ್ ಮಾಡಿದೆ. ಅವರೂ ಹೊಟ್ಟೆಗೇ ಎಂದರು. ದಿನಕ್ಕೊಮ್ಮೆ, ಒಂದೇ ಚೀಲದಲ್ಲಿ ಎರಡೂ ಔಷಧಿ. ಆ ಚೀಲ ಹೊಟ್ಟೆಯಲ್ಲಿ ಆರು ಗಂಟೆಗೆ ಕಡಿಮೆಯಿಲ್ಲದಂತೆ ನಿಲ್ಲಬೇಕು. ನಾರು ಕಟ್ಟಿಕೊಂಡು ಟ್ಯೂಬು ಮುಚ್ಚದಿರಲಿ ಎಂದು, ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಸ್ವಲ್ಪ.

ಮೊದಲ ಚೀಲ ನಾನೇ ಮಾಡಿದೆ. ಮಾಸ್ಕ್ ಕಟ್ಟಿ, ಕೈ ತೊಳೆದು, ಚೀಲದ ರಬ್ಬರ್ ಮೂತಿಯನ್ನು ಉಜ್ಜಿ ಒರೆಸಿ, ಒಣಗುವವರೆಗೆ ಕಾದು, ಒಂದೊಂದು ಔಷಧಿಗೂ ಬೇರೆ ಬೇರೆ ಸಿರಿಂಜಿನಿಂದ ಚುಚ್ಚಿ ಬಿಟ್ಟೆ. ಚೀಲವನ್ನು ಮಗುವನ್ನು ಆಡಿಸುವಂತೆ ಅತ್ತಿತ್ತ ತೂಗಿ ಬೆರೆಸಿದೆ. ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು. ಮಾರನೆಯ ದಿನದಿಂದ ಈ ಕೆಲಸ ರಾತ್ರಿ ಪಾಳಿಯ ನರ್ಸಿನದು. ಬೆಳಕು ಹರಿಯುತ್ತಲೇ, ಮನೆಗೆ ಹೊರಡುವ ಮುಂಚೆ, ದಿನದ ಮೊದಲ ಚೀಲಕ್ಕೆ ಔಷಧಿ ಬೆರೆಸಿ ಹಾಕಬೇಕು; ಮಧ್ಯಾಹ್ನ ಅದನ್ನು ಆಕೆಯೇ ಬಸಿದು ಪರೀಕ್ಷೆಗೆ ಕೊಡಬೇಕು. ಮಿಕ್ಕ ಚೀಲಗಳನ್ನು ಆಕೆ ತನ್ನ ಪೆಟ್ಟಿಗೆಯಿಂದಲೇ ತೆಗೆದು ತಾನೇ ಹಾಕಿಕೊಳ್ಳುತ್ತಾಳೆ. ವರ್ಷಗಳಿಂದ ಮಾಡಿಕೊಂಡು ಬಂದವಳು. ಅದಕ್ಕೆ ನಮ್ಮ ಕಾವಲು ಬೇಕಿರಲಿಲ್ಲ.

ಮಾರನೆಯ ದಿನ ನೀರು ಹಾಗೇ ಇತ್ತು. ಅದರ ಮಾರನೆಯ ದಿನವೂ ಹಾಗೇ. ಹೊಟ್ಟೆ ಮುಟ್ಟಿದರೆ ಆಕೆ ಹಲ್ಲು ಕಚ್ಚುತ್ತಿದ್ದಳು. ಸೋಂಕಿನ ಗುರುತಾಗಿ ನೀರಿನಲ್ಲಿರುವ ಬಿಳಿ ರಕ್ತಕಣಗಳ ಎಣಿಕೆ ಇಳಿಯುವ ಬದಲು ಒಂದು ಕೈ ಮೇಲೇ ಇತ್ತು. ಆಗ ತುಮಕೂರಿನಿಂದ ಲ್ಯಾಬಿನ ಫಲಿತಾಂಶ ಬಂತು. ಚರ್ಮದ ಮೇಲೆ ಇರುವ ಸಾಮಾನ್ಯ ರೋಗಾಣು. ನಾವು ಕೊಡುತ್ತಿದ್ದ ಔಷಧಿಗೆ ಸಾಯಲೇಬೇಕಾದ ಬಡಪಾಯಿ.

ಅದನ್ನು ಓದಿ ನನಗೆ ತಲೆ ಕೆಟ್ಟುಹೋಯಿತು. ಮೊಂಡು ರೋಗಾಣುವಾಗಿದ್ದರೆ ಔಷಧಿ ಬದಲಿಸಬಹುದಿತ್ತು. ಇದು ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ. ಆದರೂ ಸಾಯುತ್ತಿಲ್ಲ. ಔಷಧಿಯೇ ಸತ್ತಿರಬಹುದೆಂದು ಬೇರೆ ಅಂಗಡಿಯಿಂದ, ಬೇರೆ ಬ್ಯಾಚಿನದು ತರಿಸಿದೆ. ಟ್ಯೂಬು ಹೊರಬರುವ ಜಾಗದಲ್ಲಿ ಕೀವಿದೆಯೇ ಎಂದು ಒತ್ತಿ ನೋಡಿದೆ. ಹೊಟ್ಟೆಯೊಳಗೆ ಬೇರೆಲ್ಲೋ ಕರುಳು ತೂತಾಗಿದೆಯೇ ಎಂದು ಸ್ಕ್ಯಾನ್ ಮಾಡಿಸಿದೆ. ಏನೂ ಸಿಗಲಿಲ್ಲ.

ಆಮೇಲೆ ನರ್ಸನ್ನು ಹಿಡಿದುಕೊಂಡೆ. ಶಿರಾದ ಹುಡುಗಿ, ಕೆಲಸದಲ್ಲಿ ಚುರುಕು.

"ನಿಜ ಹೇಳು. ಔಷಧಿ ಹಾಕ್ತಾ ಇದೀಯೋ, ನಿದ್ದೆಗಣ್ಣಲ್ಲಿ ಬರೀ ಚೀಲ ಹಾಕಿ ಹೋಗ್ತಾ ಇದೀಯೋ?"

ಅವಳ ಮುಖ ಕೆಂಪಾಯಿತು. "ಮೇಡಂ, ಅಲ್ಲಾನ ಕಸಮ್. ನನ್ ಕೈಯಾರೆ ಹಾಕೀನಿ. ಖಾಲಿ ಸೀಸೆ ಟ್ರೇನಲ್ಲೇ ಇಟ್ಟೀನಿ, ನೋಡ್ಕೊಳಿ. ಬಿಲ್ಕುಲ್ ಒಂದು ದಿನಾನೂ ತಪ್ಪಿಸಿಲ್ಲ."

ಸೀಸೆಗಳು ಇದ್ದವು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನಾನು ಹೊರಗೆ ಬಂದೆ.

ಅಣ್ಣ ವರಾಂಡದಲ್ಲೇ ಕಾದಿದ್ದ. ಈ ಸಲ ಧ್ವನಿ ಮೆತ್ತಗಿರಲಿಲ್ಲ. "ಮೊದ್ಲೇ ಬಡ್ಕೊಂಡೆ ಮೇಡಂ ನಾನು. ನರಕ್ಕೆ ಹಾಕಿದ್ರೆ ಇಷ್ಟೊತ್ತಿಗೆ ಎದ್ದು ಕೂತಿರೋಳು. ನಿಮ್ ಹಟಕ್ಕೆ ನನ್ ತಂಗಿ ಬಲಿಯಾಗ್ಬೇಕಾ?"

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವನ ಮಾತು ನನ್ನೊಳಗೂ ಓಡಾಡುತ್ತಿತ್ತು. ಪುಸ್ತಕ ಹೇಳಿದ್ದನ್ನು ನಾನು ಮಾಡಿದ್ದೆ. ಆದರೆ ಪುಸ್ತಕ ಹೇಳಿದಂತೆ ಆಕೆಯ ಹೊಟ್ಟೆ ಕೇಳುತ್ತಿರಲಿಲ್ಲ. ಹಟ ಮಾಡುತ್ತಿದ್ದೇನೆಯೇ? ನನಗೆ ಭಯವಾಯಿತು, ನಿಜವಾದ ಭಯ.

ತಜ್ಞರಿಗೆ ಮತ್ತೆ ಫೋನ್ ಮಾಡಿದೆ. ಅವರು ಕಣಗಳ ಎಣಿಕೆ, ಲ್ಯಾಬಿನ ಫಲಿತಾಂಶ ಎರಡನ್ನೂ ಕೇಳಿಕೊಂಡರು. ಆಮೇಲೆ ಹೇಳಿದರು: "ಸರಿಯಾದ ಔಷಧಿಗೂ ತಿಳಿಯಾಗ್ತಾ ಇಲ್ಲ ಅಂದ್ರೆ ಟ್ಯೂಬು ಉಳಿಸ್ಕೊಳ್ಳೋಕೆ ಹೋಗಿ ಜೀವ ಕಳ್ಕೋಬಾರದು. ನಾಳೆ ಮಧ್ಯಾಹ್ನ ಆಪರೇಷನ್ ಥಿಯೇಟರ್ ಇಟ್ಟಿರ್ತೀನಿ. ಬೆಳಗ್ಗೆ ಕಳಿಸಿಬಿಡಿ."

ಆಕೆಗೆ ಹೇಳುವ ಕೆಲಸ ನನ್ನದು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹೇಳಿದೆ. ಆಕೆ ಅಳಲಿಲ್ಲ. ಟ್ಯೂಬಿನ ಮೇಲೆ ಕೈಯಿಟ್ಟುಕೊಂಡು, "ಇದು ಹೋದ್ಮೇಲೆ ನಾನು ಎಷ್ಟು ದಿನ ಡಾಕ್ಟ್ರೇ?" ಎಂದಳು.

"ಯಂತ್ರ ಇದೆಯಲ್ಲಮ್ಮ," ಎಂದೆ.

"ಯಂತ್ರ ನಂಗೂ ಗೊತ್ತು ಬುಡಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ಬೆಳಿಗ್ಗೆ ನಾನು ಬೆಳಕು ಮೂಡುವ ಹೊತ್ತಿಗೇ ಆಸ್ಪತ್ರೆಗೆ ಹೋದೆ. ಕೊನೆಯ ಚೀಲವನ್ನಾದರೂ ನನ್ನ ಕೈಯಿಂದಲೇ ಹಾಕಬೇಕು ಎನ್ನುವ ಹಟ, ಮತ್ತೇನಿಲ್ಲ. ರಾತ್ರಿಯ ಬಗ್ಗಡದ ನೀರು ಬಸಿದಾದ ಮೇಲೆ ಔಷಧಿಯ ಚೀಲ ಹಾಕಿದೆ. ಎರಡು ಲೀಟರೂ ಇಳಿಯುವವರೆಗೆ ನಿಂತಿದ್ದೆ. ಆಂಬುಲೆನ್ಸ್ ಚಾಲಕನಿಗೆ ಹೇಳಿಬರಲು ಕೆಳಗೆ ಹೋದೆ. ಅಲ್ಲೊಂದಿಷ್ಟು ಹೊತ್ತು ಹೋಯಿತು. ಜೊತೆಗೆ ಕಳಿಸಬೇಕಿದ್ದ ಸ್ಕ್ಯಾನಿನ ಫಿಲ್ಮು ಆಕೆಯ ದಿಂಬಿನಡಿಯಲ್ಲೇ ಉಳಿದಿದೆ ಎಂದು ನೆನಪಾಗಿ ಮತ್ತೆ ಮೇಲೆ ಬಂದೆ.

ಮಂಚದ ಸುತ್ತ ಪರದೆ ಎಳೆದಿತ್ತು. ಸರಿಸಿದೆ.

ಆಕೆ ಮೈ ಒರೆಸಿಕೊಂಡು, ಬೇರೆ ಸೀರೆಯುಟ್ಟು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ. ಎಡ ಅಂಗೈಯಲ್ಲಿ ಇಷ್ಟಲಿಂಗ. ಕಣ್ಣು ಮುಚ್ಚಿತ್ತು. ಮಂಚದ ಕೆಳಗೆ, ನೆಲದ ಮೇಲೆ, ತುಂಬಿದ ಚೀಲ ಬಿದ್ದಿತ್ತು. ಆಗ ತಾನೇ ಬಸಿದದ್ದು. ಬಚ್ಚಲಿಗೆ ಒಯ್ಯಲು ಅದನ್ನು ಎತ್ತಿಕೊಳ್ಳಹೊರಟಿದ್ದ ಗಂಡ ನನ್ನನ್ನು ನೋಡಿ ಅಲ್ಲೇ ನಿಂತ.

ನಾನು ಹಾಕಿದ ಔಷಧಿಯಷ್ಟೂ ಆ ಚೀಲದಲ್ಲಿತ್ತು.

ಮೈ ಉರಿದುಹೋಯಿತು. ಕೂಗಲು ಬಾಯಿ ತೆರೆದೆ. ಆಕೆಯ ತುಟಿ ಸಣ್ಣಗೆ ಆಡುತ್ತಿತ್ತು. ಪೂಜೆಯ ಮಧ್ಯೆ ಕೂಗಲು ನನಗೂ ಆಗಲಿಲ್ಲ. ಗಂಡನ ರಟ್ಟೆ ಹಿಡಿದು ವರಾಂಡಕ್ಕೆ ಎಳೆದುಕೊಂಡು ಬಂದೆ.

"ಏನಯ್ಯಾ ಇದು?"

"ಏಮೀ ಇಲ್ಲ ಮೇಡಂ. ದಿನಾ ಅಂಗೇ. ಪೂಜೆಗೆ ಕೂರೋ ಮುಂಚೆ ಹೊಟ್ಟೆ ಖಾಲಿ ಮಾಡ್ಕೋತಾಳೆ. ಆಮೇಲೆ ಬೇರೆ ಚೀಲ ಹಾಕ್ಕೋತಾಳೆ. ನಾನು ಇದನ್ನ ಚೆಲ್ಲಿ ಮೊದಲ್ನೇ ಬಸ್ಸಿಗೆ ಡ್ಯೂಟಿಗೆ ಹೋಗ್ತೀನಿ."

"ಇಲ್ಲಿಗೆ ಬಂದಾಗಿನಿಂದಲೂ?"

"ಹೂಂ ಮೇಡಂ. ಮನೇಲೂ ಅಷ್ಟೆ."

ಮನೆಯಲ್ಲಿ ಅದರಿಂದ ಕೆಡುಕೇನೂ ಇರಲಿಲ್ಲ. ರಾತ್ರಿಯ ನೀರು ಬಸಿದು, ಖಾಲಿ ಹೊಟ್ಟೆಯಲ್ಲಿ ಪೂಜೆ ಮಾಡಿ, ಆಮೇಲೆ ಹೊಸ ಚೀಲ. ಇಲ್ಲಿ ನಾವು ಪೂಜೆಗಿಂತ ಮುಂಚೆಯೇ ಔಷಧಿಯ ಚೀಲ ತುಂಬಿಸಿ ನಡೆದುಬಿಡುತ್ತಿದ್ದೆವು. ಆಕೆ ಅದನ್ನು ಬಸಿದು ಬಿಸಾಡಿ, ಪೂಜೆ ಮುಗಿಸಿ, ತನ್ನ ಪೆಟ್ಟಿಗೆಯಿಂದ ಬರೀ ದ್ರವದ ಚೀಲ ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಬಸಿದದ್ದೆಂದು ನಾವು ಪರೀಕ್ಷೆಗೆ ಕಳಿಸುತ್ತಿದ್ದದ್ದು ಅದನ್ನು. ಆರು ಗಂಟೆ ನಿಲ್ಲಬೇಕಾದ ಔಷಧಿ ಒಂದು ಗಂಟೆಯೂ ನಿಂತಿರಲಿಲ್ಲ. ಮೊದಲ ದಿನ ನಾನು ಹಾಕಿದ್ದೊಂದೇ ಉಳಿದದ್ದು, ಅದೂ ಆಕೆ ಆಸ್ಪತ್ರೆಗೆ ಬಂದದ್ದು ಪೂಜೆಯ ಹೊತ್ತು ಮೀರಿದ ಮೇಲೆ ಎನ್ನುವ ಕಾರಣಕ್ಕೆ.

ಪೂಜೆ ಮುಗಿಯುವವರೆಗೆ ವರಾಂಡದಲ್ಲಿ ಶತಪಥ ಹಾಕಿದೆ. ಜೀವಮಾನದಲ್ಲಿ ಅಷ್ಟು ಉದ್ದದ ಪೂಜೆ ನಾನು ನೋಡಿಲ್ಲ. ಲಿಂಗವನ್ನು ಕರಡಿಗೆಗೆ ಹಾಕಿ ಕೊರಳಿಗೆ ಕಟ್ಟಿಕೊಂಡದ್ದೇ ಎದುರಿಗೆ ಹೋಗಿ ನಿಂತೆ.

"ಔಷಧಿ ಹಾಕಿದ್ದನ್ನ ಯಾಕಮ್ಮ ಬಸಿದೆ?"

ಆಕೆ ಕಣ್ಣರಳಿಸಿದಳು. "ಅದು ಒಳಗೆ ಹೋಗಿ ಆಗಿತ್ತಲ್ಲ ಡಾಕ್ಟ್ರೇ? ಇಂಜೆಕ್ಷನ್ ಚುಚ್ಚುದ್ರೆ ಆಗ್ಲೇ ಮೈಗೆ ಹತ್ತಲ್ವಾ, ಅಂಗೆ."

"ಅದು ಒಳಗೆ ನಿಲ್ಲಬೇಕು. ಮಧ್ಯಾಹ್ನದವರೆಗೂ ನಿಲ್ಲಬೇಕು. ನಿಂತರೇನೇ ಕೆಲಸ."

"ನಿಲ್ಬೇಕು ಅಂತ ಯಾರೂ ಹೇಳ್ಲಿಲ್ಲ. ಮಧ್ಯಾಹ್ನ ಬಸಿ ಅಂದ್ರು, ಬಸಿದೆ. ಬೆಳಗ್ಗೆ ಬಸೀಬೇಡ ಅಂತ ಯಾರಂದ್ರು?"

ಔಷಧಿ ಆರು ಗಂಟೆ ಹೊತ್ತು ನಿಲ್ಲಬೇಕು ಎಂದು ನರ್ಸಿಗೆ ನಾನು ಹೇಳಿದ್ದೆ. ನರ್ಸು ಮಧ್ಯಾಹ್ನ ಎಂದು ಆಕೆಗೆ ಹೇಳಿದ್ದಳು. ಮಧ್ಯೆ ಒಂದು ಪೂಜೆ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಪೂಜೆಗೆ ಹೊಟ್ಟೆ ಖಾಲಿ ಇರಲೇಬೇಕಾ?" ಎಂದೆ.

"ಲಿಂಗ ಕಟ್ಟಿದೋರಿಗೆ ಮೈಲಿಗೆ ಇಲ್ಲ ಅಂತ ನಮ್ಮ ಸ್ವಾಮ್ಗಳೇ ಹೇಳ್ತಾರೆ. ನಂಗೇ ಮನಸ್ಸು ಒಪ್ಪಲ್ಲ. ಆ ಕೊಳೆ ನೀರು ಒಳಗಿಟ್ಕೊಂಡು ಹೆಂಗೆ ಕೈಗೆ ತಗೊಳ್ಳಿ?"

ಕೆಳಗೆ ಆಂಬುಲೆನ್ಸ್ ಕಾದಿತ್ತು. ಆಗ ನಾನು ಯೋಚಿಸಿದ್ದು ಇಷ್ಟು: ಆಕೆಗೆ ಜ್ವರ ಏರಿಲ್ಲ, ಬಿಪಿ ಸ್ಥಿರವಾಗಿದೆ. ಈ ಹೊಟ್ಟೆಯಲ್ಲಿ ಔಷಧಿ ಸೋತಿಲ್ಲ; ಔಷಧಿಗೆ ಅವಕಾಶವೇ ಸಿಕ್ಕಿಲ್ಲ. ಆದರೆ ಇಷ್ಟು ದಿನ ಸೋಂಕು ಸುಮ್ಮನೆ ಬೆಳೆದಿದೆ. ಇನ್ನೂ ಕಾದು ರಕ್ತಕ್ಕೆ ಹರಡಿದರೆ ಟ್ಯೂಬಿನ ಜೊತೆ ಆಕೆಯೂ ಹೋಗುತ್ತಾಳೆ.

ತಜ್ಞರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಮೊದಲ ದಿನ ಬಿಟ್ಟರೆ ಔಷಧಿ ಹೊಟ್ಟೆಯಲ್ಲಿ ನಿಂತೇ ಇಲ್ಲ ಸರ್. ಥಿಯೇಟರ್ ಎರಡು ದಿನ ಮುಂದಕ್ಕೆ ಹಾಕಿ."

"ಜವಾಬ್ದಾರಿ ನಿಮ್ಮದು. ಬಿಪಿ ಒಂಚೂರು ಇಳಿದರೂ ಕಾಯಬೇಡಿ, ನರಕ್ಕೆ ಶುರು ಮಾಡಿ, ನಡುರಾತ್ರಿಯಾದರೂ ಕಳಿಸಿ," ಎಂದರು.

ಅಣ್ಣನನ್ನು ಕರೆದು ಹೇಳಿದೆ. ಅವನು ಕೆಂಡವಾದ. "ಮತ್ತೆ ಹೊಟ್ಟೆಗೇನಾ? ಇವತ್ತು ತುಮಕೂರಿಗೆ ಕಳಿಸ್ತೀನಿ ಅಂದೋರು ಈಗ ಇಂಗಂತೀರಲ್ಲ. ನಾನು ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋದರೆ ಟ್ಯೂಬು ತೆಗೀತಾರೆ. ಅದಾದ ಮೇಲೆ ಯಂತ್ರದ ಮುಂದೆ ಕೂತು ಅವಳ ಬಿಪಿ ನೋಡ್ತಾ ಇರೋನು ನೀನು, ನಾನಲ್ಲ," ಎಂದೆ. ಕಟುವಾಯಿತು. ವಾಪಸ್ ತೆಗೆದುಕೊಳ್ಳಲಿಲ್ಲ.

ಪರದೆಯ ಹಿಂದಿನಿಂದ ಆಕೆಯ ದನಿ ಬಂತು. "ಅಣ್ಣಾ, ಸುಮ್ಕಿರು. ನಾನು ಎಲ್ಲೂ ಬರಲ್ಲ. ಡಾಕ್ಟ್ರೇ, ಈಗ ಪೂಜೆ ಆಯ್ತಲ್ಲ. ಹಾಕಿ."

ಹೊಸ ಚೀಲಕ್ಕೆ ಔಷಧಿ ಬೆರೆಸಿದೆ. ಬಸಿದು ಹೋದದ್ದರಲ್ಲಿ ಸ್ವಲ್ಪ ಮೈಗೆ ಇಳಿದಿರಬಹುದು. ಆದರೂ ಪೂರ್ತಿ ಪ್ರಮಾಣವನ್ನೇ ಹಾಕಿರೆಂದು ತಜ್ಞರು ಹೇಳಿದ್ದರು. ಉರಿಯುವ ಹೊಟ್ಟೆಯೊಳಗೆ ಎರಡು ಲೀಟರ್ ನಿಂತರೆ ನೋವು ಸುಮ್ಮನಿರುವುದಿಲ್ಲ. ಆಕೆ ಮಂಚದ ಸರಳು ಹಿಡಿದುಕೊಂಡು ಮಲಗಿದಳು. ಶಿರಾದ ನರ್ಸು ಪಾಳಿ ಮುಗಿದರೂ ಮನೆಗೆ ಹೋಗದೆ ಪಕ್ಕದಲ್ಲಿ ಕುಳಿತು, ಬಿಪಿ ಪಟ್ಟಿಯನ್ನು ಮತ್ತೆ ಮತ್ತೆ ಸುತ್ತಿ ನೋಡುತ್ತಿದ್ದಳು. ನಿನ್ನೆಯ ಮಾತಿಗೆ ನಾನು ಅವಳಲ್ಲಿ ಕ್ಷಮೆ ಕೇಳಿದೆ. "ಜಾನೇ ದೋ ಮೇಡಂ, ಬಿಟ್ಬುಡಿ. ಪೇಷೆಂಟ್ ಉಳೀಲಿ," ಎಂದಳು.

ನಡುವೆ ಒಮ್ಮೆ ಬಿಪಿ ಇಳಿಯಿತು. ಔಷಧಿಯ ಸೀಸೆ ಹಿಡಿದು ಕೈಯ ನರ ಹುಡುಕಲು ಶುರು ಮಾಡಿದೆ. ಮತ್ತೊಮ್ಮೆ ನೋಡೋಣ ಎಂದು ಆ ಹುಡುಗಿಯೇ ತಡೆದಳು. ಎರಡನೇ ಸಲ ನೋಡಿದಾಗ ಮೊದಲಿನ ಮಟ್ಟಕ್ಕೇ ಬಂದಿತ್ತು. ಸೀಸೆಯನ್ನು ಟ್ರೇಯಲ್ಲಿಟ್ಟೆ.

ಮಧ್ಯಾಹ್ನ ಬಸಿದ ನೀರು ಬಗ್ಗಡವೇ. ಮಾರನೆಯ ಬೆಳಿಗ್ಗೆ ಮೊದಲು ಪೂಜೆ, ಆಮೇಲೆ ಔಷಧಿಯ ಚೀಲ. ಅಂದು ಬಸಿದದ್ದನ್ನು ಕಿಟಕಿಗೆ ಹಿಡಿದಾಗ ಬೆಳಕು ಸ್ವಲ್ಪ ದಾಟಿತು. ಅಣ್ಣ ಚೀಲ ಇಸಿದುಕೊಂಡು ತಾನೂ ಬೆಳಕಿಗೆ ಹಿಡಿದು ನೋಡಿದ. ಅದರ ಮಾರನೆಯ ದಿನ ಗಂಡ ಚೀಲದ ಹಿಂದೆ ದಿನಪತ್ರಿಕೆ ಹಿಡಿದ. ದೊಡ್ಡ ಅಕ್ಷರ ಓದಲು ಬಂತು, ಸಣ್ಣವು ಕಲಸಿಕೊಂಡಿದ್ದವು. ಕಣಗಳ ಎಣಿಕೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ತಜ್ಞರಿಗೆ ಹೇಳಿದೆ. "ಥಿಯೇಟರ್ ಬೇರೆಯವರಿಗೆ ಕೊಡ್ತೀನಿ," ಎಂದರು. ನಾನು ಫೋನ್ ಇಟ್ಟು ಡ್ಯೂಟಿ ರೂಮಿನ ಬಾಗಿಲು ಹಾಕಿಕೊಂಡು ಒಂದಿಷ್ಟು ಹೊತ್ತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದೆ.

ಸಣ್ಣ ಅಕ್ಷರವೂ ಓದಲು ಬಂದ ದಿನ, ಔಷಧಿಯ ಮಿಕ್ಕ ದಿನಗಳನ್ನು ಮನೆಯಿಂದ ಬಂದುಹೋಗಿ ಮುಗಿಸಲಿ ಎಂದು ಕಳಿಸಿದೆ. ಬೆಳಿಗ್ಗೆ ಪೂಜೆ ಮುಗಿಸಿ ಮೊದಲ ಬಸ್ಸಿಗೆ ಬರುವುದು, ಇಲ್ಲಿ ಚೀಲ ಹಾಕಿಸಿಕೊಂಡು ಹೋಗುವುದು. ಹೊರಡುವ ಮುಂಚೆ ಆಕೆ ಮಂಚದ ಮೇಲೆ ಕುಳಿತು ಟ್ಯೂಬನ್ನು ಮಡಿಸಿ ಹೊಟ್ಟೆಗೆ ಅಂಟಿಸಿಕೊಳ್ಳುತ್ತಿದ್ದಳು.

"ಒಂದು ಕೇಳ್ತೀನಿ," ಎಂದೆ. "ಟ್ಯೂಬು ತೆಗೀತೀವಿ ಅಂದಾಗಲೂ ಪೂಜೆಯ ವಿಷಯ ನೀನು ಬಾಯಿ ಬಿಡಲಿಲ್ಲ. ದಿನಾ ಪರದೆ ಎಳ್ಕೊಂಡು, ನಾವು ಯಾರೂ ಇಲ್ಲದಾಗ ಮಾಡ್ಕೊಂಡೆ. ಯಾಕೆ?"

ಆಕೆ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. "ಆಸ್ಪತ್ರೇಲಿ ಪೂಜೆ ಅಂದ್ರೆ ನೀವು ನಗ್ತೀರೇನೋ ಅನ್ಕೊಂಡೆ."

"ನಗ್ತಿರಲಿಲ್ಲ ಕಣಮ್ಮ. ಬೈತಿದ್ದೆ."

"ಅದ್ಕೇ ಹೇಳ್ಲಿಲ್ಲ," ಎಂದಳು ಆಕೆ.